ಅದೇ ಹೆಸರು, ಯಾವ ಹಾಡು?

ಹಿಟ್ ಹಾಡುಗಳ ಸಂಕಲನ ಕೈಗೆ ಬಂದಾಗ ಮೊದಲು ಓದಬೇಕಾದದ್ದು ಹಾಡುಗಳ ಹೆಸರನ್ನಲ್ಲ, ಹೆಸರಿನ ಪಕ್ಕ ಸಣ್ಣದಾಗಿ ಅಚ್ಚಾಗಿರುವ ನಿಮಿಷ, ಸೆಕೆಂಡುಗಳನ್ನು. ರೇಡಿಯೋದಲ್ಲಿ ಮೂರೂವರೆ ನಿಮಿಷ ಓಡಿ ಜನರ ಬಾಯಲ್ಲಿ ನಿಂತ ಹಾಡಿಗೆ ಅಲ್ಲಿ 5:10 ಎಂದಿದ್ದರೆ ಒಳಗಿರುವುದು ಬೇರೆ ಹಾಡು. ಹೆಸರು ಅದೇ, ಕಂಠ ಅದೇ, ಪಲ್ಲವಿಯೂ ಅದೇ. ಆದರೆ ಪಲ್ಲವಿ ಬರಬೇಕಾದ ಜಾಗದಲ್ಲಿ ಗಿಟಾರ್ ಇನ್ನೂ ಎಂಟು ಆವರ್ತ ನುಡಿಯುತ್ತಲೇ ಇರುತ್ತದೆ, ಜೊತೆಗೆ ಗುನುಗಲು ಹೊರಟ ಬಾಯಿ ತಡವರಿಸುತ್ತದೆ. ಯಾವ ಹಾಡು ಸೇರಿತು, ಯಾವುದು ಬಿಟ್ಟುಹೋಯಿತು ಎಂದು ಜನ ಜಗಳವಾಡುತ್ತಾರೆ. ನನ್ನ ಪ್ರಕಾರ ಸಂಕಲನ ಕೆಡುವುದು ಅದಕ್ಕಿಂತ ಹೆಚ್ಚಾಗಿ ಇಲ್ಲಿ: ಹಾಡು ಸರಿಯಾಗಿಯೇ ಆಯ್ಕೆಯಾಗಿರುತ್ತದೆ, ಅದರ ರೂಪ ತಪ್ಪಾಗಿರುತ್ತದೆ.

ಈ ಬಗೆಯ ಆಲ್ಬಂಗಳ ಮೊದಲನೆಯದು ಎಂದು ಸಾಮಾನ್ಯವಾಗಿ ಹೆಸರಿಸುವುದು 1958ರಲ್ಲಿ ಕೊಲಂಬಿಯಾ ಹೊರತಂದ ಜಾನಿ ಮ್ಯಾಥಿಸ್ ಅವರ 'ಜಾನೀಸ್ ಗ್ರೇಟೆಸ್ಟ್ ಹಿಟ್ಸ್' ಅನ್ನು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಒಟ್ಟು 490 ವಾರ ಇತ್ತು, ಅಂದರೆ ಒಂಬತ್ತು ವರ್ಷಕ್ಕೂ ಮೀರಿ. ಆಗಿನ ಕಾಲಕ್ಕೆ ಅದು ಮಾಡಿದ ಉಪಕಾರ ಬಹಳ ಸರಳವಾದದ್ದು. ಸಿಂಗಲ್, ಅಂದರೆ ಹಾಡೊಂದರ ಸಣ್ಣ ತಟ್ಟೆಯಾಗಿ ಬಿಡಿಬಿಡಿಯಾಗಿ ಬಂದಿದ್ದ ಹಾಡುಗಳು ಒಂದೇ ಎಲ್‌ಪಿ (ಉದ್ದಕ್ಕೆ ನುಡಿಯುವ ದೊಡ್ಡ) ತಟ್ಟೆಗೆ ಬಂದವು. ಹಾಡಿಗೆ ಇದ್ದದ್ದೇ ಒಂದು ರೂಪ, ಹಾಗಾಗಿ ತಪ್ಪಲು ಅವಕಾಶವೇ ಕಡಿಮೆ. ಮುಂದೆ ಒಂದೇ ಹಾಡು ಏಳು ಇಂಚಿನ ಸಿಂಗಲ್ ಆಗಿ, ಆಲ್ಬಮ್ಮಿನ ಉದ್ದದ ರೂಪವಾಗಿ, ರೇಡಿಯೋಗೆಂದು ಕತ್ತರಿಸಿದ ರೂಪವಾಗಿ, ಹನ್ನೆರಡು ಇಂಚಿನ ಡಾನ್ಸ್ ಮಿಕ್ಸ್ ಆಗಿ, ಕೆಲವೊಮ್ಮೆ ವಿಡಿಯೋಗೇ ಬೇರೆಯಾಗಿ ಬರತೊಡಗಿತು. ಅರವತ್ತರ ದಶಕದ ಹಾಡಾದರೆ ಎಲ್ಲ ಧ್ವನಿಯೂ ಒಂದಾಗಿರುವ ಮೊನೊ, ಎಡಬಲಕ್ಕೆ ಹಂಚಿದ ಸ್ಟೀರಿಯೊ ಎಂದು ಎರಡು ಮಿಕ್ಸ್ (ಕಂಠ, ವಾದ್ಯಗಳನ್ನು ಬೆರೆಸಿದ ರೂಪ). ಜನ ಕೇಳಿದ್ದು ಮೊನೊ, ಆದರೆ ಸಂಕಲನದಲ್ಲಿ ಸಿಗುವುದು ಹೆಚ್ಚಾಗಿ ಸ್ಟೀರಿಯೊ.

ಯಾವ ರೂಪ ಹಿಟ್ ಆಯಿತು ಎಂದು ಕಂಡುಹಿಡಿಯಲು ಮೂಲ ಸಿಂಗಲ್ ತಟ್ಟೆಯನ್ನೇ ಮುಂದಿಟ್ಟುಕೊಳ್ಳಬೇಕು. ಅದರ ಲೇಬಲ್ ಮೇಲಿನ ಸಮಯವನ್ನೂ ಕಣ್ಣು ಮುಚ್ಚಿ ನಂಬಬಾರದು. ಉದ್ದದ ಹಾಡನ್ನು ರೇಡಿಯೋದವರು ಹಾಕಲಾರರು ಎಂದು ಕಡಿಮೆ ಸಮಯ ಅಚ್ಚು ಹಾಕಿದ್ದುಂಟು. ತಟ್ಟೆ ನುಡಿಸಿ ಗಡಿಯಾರ ಹಿಡಿದು ಅಳೆಯಬೇಕು. ಆಮೇಲೆ ಸಂಕಲನಕ್ಕೆಂದು ಟೇಪಿನಿಂದ ಬಂದ ಧ್ವನಿಯನ್ನು ಅದರ ಪಕ್ಕ ಇಟ್ಟು ನಾಲ್ಕು ಕಡೆ ಕಿವಿಗೊಡಬೇಕು: ಹಾಡು ಶುರುವಾಗುವ ಮೊದಲು ಎಷ್ಟು ಆವರ್ತ ವಾದ್ಯ ಇದೆ, ಎರಡನೇ ಚರಣದ ನಂತರ ಏನು ಬರುತ್ತದೆ, ಕೊನೆಯ ಪಲ್ಲವಿಯಲ್ಲಿ ಗಾಯಕಿ ಸೇರಿಸುವ ಹೊಸ ತಿರುವುಗಳು ಯಾವುವು, ಧ್ವನಿ ಇಳಿಯತೊಡಗುವುದು ಯಾವ ಪದದ ಮೇಲೆ. ಈ ನಾಲ್ಕೂ ಕೂಡಿಬಂದರೆ ರೂಪ ಹೆಚ್ಚುಕಡಿಮೆ ಅದೇ. ಆಮೇಲೂ ಶ್ರುತಿ ನೋಡಬೇಕು. ಸಿಂಗಲ್ ಚುರುಕಾಗಿ ಕೇಳಿಸಲಿ ಎಂದು ಟೇಪಿನ ವೇಗವನ್ನು ತುಸು ಏರಿಸುವ ರೂಢಿ ಇತ್ತು. ವೇಗ ಶೇ. 1 ಏರಿದರೆ ಶ್ರುತಿ ಅರ್ಧಸ್ವರದ ಸುಮಾರು ಆರನೇ ಒಂದು ಪಾಲು ಏರುತ್ತದೆ, ಶೇ. 3 ಏರಿದರೆ ಅರ್ಧಸ್ವರದಲ್ಲಿ ಅರ್ಧ. ಇದನ್ನು ಗಮನಿಸದೆ ಮೂಲ ವೇಗದಲ್ಲಿ ನುಡಿಸಿದ ಟೇಪ್ ತಾಂತ್ರಿಕವಾಗಿ ಸರಿ, ಕೇಳುಗರಿಗೆ ಮಾತ್ರ ಹಾಡು ಜಡವಾಗಿದೆ ಅನ್ನಿಸುತ್ತದೆ.

ಮಡೋನಾ ಅವರ 1990ರ 'ದಿ ಇಮ್ಮ್ಯಾಕ್ಯುಲೇಟ್ ಕಲೆಕ್ಷನ್' ಈ ವಿಷಯದಲ್ಲಿ ದೊಡ್ಡ ಪಾಠ. ಹದಿನೈದು ಹಿಟ್, ಎರಡು ಹೊಸ ಹಾಡು, ಸುಮಾರು ಎಪ್ಪತ್ತಮೂರೂವರೆ ನಿಮಿಷ. ಅಷ್ಟನ್ನೂ ಒಂದೇ ಸಿಡಿಗೆ ಹಿಡಿಸಲು ಹಲವು ಹಾಡುಗಳ ಉದ್ದ ಇಳಿಸಿದರು, ಎರಡೇ ಸ್ಪೀಕರಿನಲ್ಲಿ ಧ್ವನಿ ಸುತ್ತ ಹರಡಿದಂತೆ ಕೇಳಿಸುವ ಕ್ಯೂಸೌಂಡ್ ತಂತ್ರದಲ್ಲಿ ಮತ್ತೆ ಮಿಕ್ಸ್ ಮಾಡಿದರು. ಆಲ್ಬಂ ಅಂದರೆ ಒಂದೇ ಉಸಿರಿನಲ್ಲಿ ಓಡುವ ಆಲ್ಬಂ, ಅದರಲ್ಲಿ ಎರಡು ಮಾತಿಲ್ಲ. ಆದರೆ 1984ರಲ್ಲಿ ರೇಡಿಯೋದಲ್ಲಿ ಬಂದ ಹಾಡು ಬೇಕು ಎನ್ನುವವರು ಈ ಸಂಕಲನ ಬಿಟ್ಟು ಹಳೆಯ ತಟ್ಟೆಗಳನ್ನೇ ಹುಡುಕಬೇಕು. ವಿಟ್ನಿ ಹ್ಯೂಸ್ಟನ್ ಅವರ 2000ದ ಎರಡು ಸಿಡಿಯ ಸಂಕಲನ ಇನ್ನೂ ಮುಂದೆ ಹೋಯಿತು. ನಿಧಾನದ ಹಾಡುಗಳೆಲ್ಲ ಮೊದಲ ಸಿಡಿಯಲ್ಲಿ, ಕುಣಿಸುವ ಹಾಡುಗಳು ಎರಡನೆಯದರಲ್ಲಿ. ಆ ಎರಡನೆಯದರಲ್ಲಿ ಅವರ ಹೆಸರಾಂತ ಕೆಲವು ಹಾಡುಗಳು ಮೂಲ ರೂಪದಲ್ಲಿರದೆ ಕ್ಲಬ್ ರೀಮಿಕ್ಸ್ ಆಗಿ ಬಂದವು. ರೀಮಿಕ್ಸ್ ಕೆಟ್ಟದೆಂದು ನಾನು ಹೇಳುತ್ತಿಲ್ಲ. ಹಿಟ್ ಆದದ್ದನ್ನು ಕೊಡುತ್ತೇವೆ ಎಂದು ಹೆಸರಿನಲ್ಲೇ ಮಾತು ಕೊಟ್ಟ ಮೇಲೆ ಹಿಟ್ ಆದದ್ದೇ ಅಲ್ಲಿರಬೇಕು, ರೀಮಿಕ್ಸ್ ಬೇಕಾದರೆ ಅದರ ನಂತರ ಬರಲಿ.

ಆಯ್ಕೆಯ ಮಾತಿಗೆ ಬಂದರೆ, ಒಂದು ನಿಯಮ ಹಾಕಿಕೊಂಡು ಅದಕ್ಕೆ ಕಟ್ಟುಬೀಳುವುದು ಒಂದು ದಾರಿ. ಬೀಟಲ್ಸ್‌ರ 2000ದ '1' ಹೀಗೆ ಮಾಡಿತು: ಬ್ರಿಟನ್ ಅಥವಾ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ 27 ಹಾಡು, ಒಂದೇ ಸಿಡಿ, ಸುಮಾರು 79 ನಿಮಿಷ. ನಿಯಮ ಸ್ವಚ್ಛವಾಗಿದೆ, ವಾದಕ್ಕೆ ಎಡೆಯಿಲ್ಲ. ಆದರೆ 1967ರಲ್ಲಿ ಒಂದೇ ತಟ್ಟೆಯ ಎರಡು ಮುಖಗಳಾಗಿ ಬಂದ ಎರಡು ಹಾಡುಗಳಲ್ಲಿ 'ಪೆನ್ನಿ ಲೇನ್' ಒಳಗೆ ಬಂತು, 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಹೊರಗುಳಿಯಿತು. ಆ ತಂಡದ ಸಂಗೀತ ಯಾವ ಕಡೆ ಹೊರಳುತ್ತಿತ್ತು ಎಂದು ಎಲ್ಲಕ್ಕಿಂತ ಚೆನ್ನಾಗಿ ಹೇಳುವ ಹಾಡು ಅದು. ಅಂಕಿಗೆ ಆ ವಿಚಾರ ಗೊತ್ತಾಗುವುದಿಲ್ಲ. ನಿಯಮವಿಲ್ಲದೆ ಆರಿಸಿದರೆ ಬೇರೆ ತೊಡಕು. ಮಡೋನಾ ಸಂಕಲನದಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೇರಿದ್ದ 'ಹೂಸ್ ದಟ್ ಗರ್ಲ್' ಹಾಡೇ ಇಲ್ಲ. ಎರಡರಲ್ಲಿ ನಾನು ಆರಿಸಿಕೊಳ್ಳುವುದು ನಿಯಮವಿಲ್ಲದ ದಾರಿಯನ್ನೇ. ಪಟ್ಟಿಯಲ್ಲಿ ಏರಿದ್ದು ಒಂದು ವಾರದ ಲೆಕ್ಕ. ಇಪ್ಪತ್ತು ವರ್ಷದ ನಂತರವೂ ಹಾಡುತ್ತಿದ್ದಾರೆಯೇ ಎನ್ನುವುದು ಬೇರೆ ಲೆಕ್ಕ. ಎರಡನೆಯದಕ್ಕೆ ಒಳ್ಳೆಯ ಸಾಕ್ಷಿ ಕಾರ್ಯಕ್ರಮಗಳ ಹಾಡಿನ ಪಟ್ಟಿ. ಹತ್ತು ವರ್ಷದ ಪಟ್ಟಿಗಳನ್ನು ಮುಂದಿಟ್ಟುಕೊಂಡು ನೋಡಿದರೆ ಗಾಯಕಿ ಎಂದೂ ಬಿಡದ ಹನ್ನೆರಡು ಹಾಡು ತಾವಾಗಿಯೇ ಮೇಲೆ ಬರುತ್ತವೆ. ಉಳಿದ ಐದಾರಕ್ಕಷ್ಟೇ ಚರ್ಚೆ ಬೇಕಾಗುವುದು.

ಎಷ್ಟು ಹಿಡಿಸುತ್ತದೆ ಎನ್ನುವುದೂ ಆಯ್ಕೆಯನ್ನು ಕಟ್ಟಿಹಾಕುತ್ತದೆ. ಎಲ್‌ಪಿಯ ಒಂದು ಮುಖಕ್ಕೆ ಸುಮಾರು 22 ನಿಮಿಷ ಹಿತ. ಅದಕ್ಕಿಂತ ಉದ್ದವಾದರೆ ಗೆರೆಗಳು ಒತ್ತೊತ್ತಾಗಿ ಬರುತ್ತವೆ, ಗೆರೆ ಪಕ್ಕದ ಗೆರೆಗೆ ತಾಗದಿರಲು ಧ್ವನಿಯ ಮಟ್ಟವನ್ನೂ ತಗ್ಗಿನ ನಾದವನ್ನೂ ಇಳಿಸಬೇಕು, ಆಗ ತಟ್ಟೆಯ ಸದ್ದು ಮೇಲೇಳುತ್ತದೆ. ಕ್ವೀನ್ ತಂಡದ 1981ರ 'ಗ್ರೇಟೆಸ್ಟ್ ಹಿಟ್ಸ್', ಬ್ರಿಟನ್ನಿನಲ್ಲಿ ಎಲ್ಲ ಕಾಲಕ್ಕೂ ಹೆಚ್ಚು ಮಾರಾಟವಾದ ಆಲ್ಬಂ, 17 ಹಾಡುಗಳ ಸುಮಾರು 58 ನಿಮಿಷವನ್ನು ಒಂದೇ ತಟ್ಟೆಯಲ್ಲಿ ಕೊಟ್ಟಿತು. ಒಂದು ಮುಖಕ್ಕೆ ಹೆಚ್ಚುಕಡಿಮೆ 29 ನಿಮಿಷ. ಈಗಲ್ಸ್ ತಂಡದ 1976ರ ಸಂಕಲನ ಹತ್ತೇ ಹಾಡಿಗೆ, 43 ನಿಮಿಷಕ್ಕೆ ನಿಂತಿತು. ತಟ್ಟೆಯ ಅಳತೆಗೆ ಅದು ಹೊಲಿದಂತೆ ಕೂರುತ್ತದೆ. ಸಿಡಿಯಲ್ಲಿ ಸುಮಾರು 80 ನಿಮಿಷದ ಗಡಿ. ಆಬಾ ತಂಡದ 1992ರ 'ಗೋಲ್ಡ್' 19 ಹಾಡುಗಳಿಂದ ಆ ಗಡಿಯ ಹತ್ತಿರಕ್ಕೇ ಹೋಯಿತು, ಒಂದೆರಡು ಹಾಡು ಕತ್ತರಿಸಿದ ರೂಪದಲ್ಲಿ ಬಂದವು. ಸ್ಟ್ರೀಮಿಂಗ್‌ನಲ್ಲಿ ಗಡಿಯೇ ಇಲ್ಲ. ಅದರಿಂದ ಅನುಕೂಲವಾಯಿತು ಎಂದು ನನಗೆ ಅನ್ನಿಸುವುದಿಲ್ಲ. ನಲವತ್ತು ಹಾಡಿನ ಸಂಕಲನದಲ್ಲಿ ಯಾವುದನ್ನು ಬಿಡಬೇಕು ಎಂದು ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ, ಕೇಳುವಾಗ ಅದು ಗೊತ್ತಾಗುತ್ತದೆ.

ಇನ್ನು ಟೇಪಿನ ಕೆಲಸ. ಗೋದಾಮಿನಿಂದ ಬರುವ ಪೆಟ್ಟಿಗೆಯ ಮೇಲೆ 'ಮಾಸ್ಟರ್', ಅಂದರೆ ಮೂಲ ಟೇಪ್, ಎಂದು ಬರೆದಿದ್ದರೆ ಸಾಲದು. ಎಲ್‌ಪಿ ಕೊರೆಯುವುದಕ್ಕೆಂದೇ ಸ್ವರ ತಿದ್ದಿದ ಪ್ರತಿ, ಹೊರದೇಶಕ್ಕೆ ಕಳಿಸಿದ ಪ್ರತಿ, ಕ್ಯಾಸೆಟ್ ಮಾಡಲು ತೆಗೆದ ಪ್ರತಿ, ಎಲ್ಲದರ ಮೇಲೂ ಆ ಪದ ಇರುತ್ತದೆ. ತಟ್ಟೆಗೆಂದು ತಿದ್ದಿದ ಪ್ರತಿಯಲ್ಲಿ ತಗ್ಗಿನ ನಾದ ಕತ್ತರಿಸಿರುತ್ತಾರೆ, ಅದರಿಂದ ಮಾಡಿದ ಸಂಕಲನ ತೆಳ್ಳಗೆ ಕೇಳಿಸುತ್ತದೆ. ಬೇಕಾದದ್ದು ಮಿಕ್ಸ್ ಮುಗಿದ ದಿನ ಇಳಿದ ಮೊದಲ ಟೇಪ್. ಅದರಲ್ಲಿ ಹಾಡುಗಳ ನಡುವೆ ಧ್ವನಿಯಿಲ್ಲದ ಬಿಳಿ ಲೀಡರ್ ಟೇಪಿನ ತುಂಡುಗಳೂ, ಅಂಟಿಸಿದ ಜೋಡಣೆಗಳೂ ಕಣ್ಣಿಗೆ ಕಾಣುತ್ತವೆ. ಒಂದೂ ಜೋಡಣೆಯಿಲ್ಲದೆ ನುಣ್ಣಗೆ ಇರುವ ಟೇಪ್ ಬಹುಮಟ್ಟಿಗೆ ಪ್ರತಿಯೇ.

ಎಪ್ಪತ್ತು, ಎಂಬತ್ತರ ದಶಕದ ಕೆಲವು ತಯಾರಿಕೆಯ ಟೇಪುಗಳನ್ನು ಬಂದ ಹಾಗೇ ಯಂತ್ರಕ್ಕೆ ಹಾಕುವಂತಿಲ್ಲ. ಕಾಂತೀಯ ಪುಡಿಯನ್ನು ಪ್ಲಾಸ್ಟಿಕ್ ಪಟ್ಟಿಗೆ ಹಿಡಿದಿಡುವ ಪಾಲಿಯುರೆಥೇನ್ ಅಂಟು ವರ್ಷಾನುಗಟ್ಟಲೆ ಗಾಳಿಯ ತೇವ ಹೀರಿ ಮೆತ್ತಗಾಗಿರುತ್ತದೆ. ಓಡಿಸಿದರೆ ಟೇಪ್ ಯಂತ್ರದ ಹೆಡ್ಡಿಗೆ (ಧ್ವನಿ ಓದುವ ಭಾಗಕ್ಕೆ) ಅಂಟುತ್ತದೆ, ಕಿರ್ ಎಂದು ಕೀರಲು ಸದ್ದು ಬರುತ್ತದೆ, ಕಂದು ಅಂಟು ಪುಡಿ ಹೆಡ್ ಮೇಲೆ ಕೂರುತ್ತದೆ. ಆ ಪುಡಿಯೇ ಹಾಡು. ಒಮ್ಮೆ ಕಿತ್ತು ಬಂದರೆ ಮತ್ತೆ ಸಿಗದು. ಹಾಗಾಗಿ ಮೊದಲು ಸುಮಾರು 54 ಡಿಗ್ರಿ ಸೆಲ್ಸಿಯಸ್ ಹದದ ಬಿಸಿಯಲ್ಲಿ, ಟೇಪಿನ ಅಗಲಕ್ಕೆ ತಕ್ಕಂತೆ ಎಂಟು ಗಂಟೆಯೋ ಅದಕ್ಕೂ ಹೆಚ್ಚೋ ಇಟ್ಟು ತೇವ ಆರಿಸುತ್ತಾರೆ. ಅಡುಗೆಯ ಓವನ್ ಇದಕ್ಕೆ ಸಲ್ಲ, ಅದರ ಬಿಸಿ ಏರಿಳಿಯುತ್ತದೆ. ಆರಿಸಿದ ಮೇಲೆ ಅಷ್ಟೇ ಹೊತ್ತು ತಣಿಯಲು ಬಿಡಬೇಕು. ಆಮೇಲೆ ಕೆಲವು ವಾರಗಳ ಅವಕಾಶ ಸಿಗುತ್ತದೆ, ಅಷ್ಟರಲ್ಲಿ ನುಡಿಸಿ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಅಸಿಟೇಟ್ ಪಟ್ಟಿಯ ಹಳೆಯ ಟೇಪನ್ನು ಎಂದೂ ಬಿಸಿಗೆ ಇಡಬಾರದು, ಅದು ಹಾಳಾಗುತ್ತದೆ. ಸುರುಳಿಯನ್ನು ಬೆಳಕಿಗೆ ಹಿಡಿದರೆ ಅಸಿಟೇಟ್ ಬೆಳಕು ಬಿಡುತ್ತದೆ, ಪಾಲಿಯೆಸ್ಟರ್ ಬಿಡುವುದಿಲ್ಲ.

ನುಡಿಸುವ ಮುನ್ನ ಟೇಪಿನ ಆರಂಭದಲ್ಲಿ ಮುದ್ರಿಸಿರುವ ಪರೀಕ್ಷಾ ಸ್ವರಗಳಿಗೆ ಯಂತ್ರವನ್ನು ಹೊಂದಿಸಬೇಕು. 1 ಕಿಲೋಹರ್ಟ್ಸ್ ಸ್ವರದಿಂದ ಮಟ್ಟ, 10 ಕಿಲೋಹರ್ಟ್ಸ್‌ನಿಂದ ಹೆಡ್ಡಿನ ಓರೆ ಮತ್ತು ಮೇಲಿನ ನಾದ, 100 ಹರ್ಟ್ಸ್‌ನಿಂದ ತಗ್ಗಿನ ನಾದ. ಹೆಡ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಸಿಂಬಲ್ ತಾಳದ ನಾದ ಮಂಕಾಗುತ್ತದೆ, ನಟ್ಟನಡುವೆ ಇರಬೇಕಾದ ಗಾಯಕಿಯ ಕಂಠ ಹರಡಿಹೋಗುತ್ತದೆ. ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಎ ಏರ್ಪಾಡು ಹಾಕಿ ಮುದ್ರಿಸಿದ ಟೇಪನ್ನು ಡಾಲ್ಬಿ ಬಿಚ್ಚದೆ ನುಡಿಸಿದರೆ ಉಲ್ಟಾ: ಹಾಡು ಮೇಲ್ನಾದದಲ್ಲಿ ಚುಚ್ಚುತ್ತದೆ, ಹಿನ್ನೆಲೆಯ ಹಿಸ್ ಸದ್ದು ಏರುತ್ತದೆ. ಡಿಜಿಟಲ್ ಮಾಸ್ಟರ್ ಆದರೂ ನಿಶ್ಚಿಂತೆಯಿಲ್ಲ. ಎಂಬತ್ತರ ದಶಕದ ಕೆಲವು ಡಿಜಿಟಲ್ ಮಾಸ್ಟರ್ ಮತ್ತು ಸಿಡಿಗಳಲ್ಲಿ ಮೇಲ್ನಾದವನ್ನು ಏರಿಸಿ ಮುದ್ರಿಸಿ, ನುಡಿಸುವ ಯಂತ್ರ ಅದನ್ನು ಇಳಿಸುವ ಏರ್ಪಾಡು ಇತ್ತು. ಆ ಗುರುತನ್ನು ನೋಡದೆ ಬರೀ ಅಂಕಿಗಳನ್ನು ನಕಲು ಮಾಡಿಕೊಂಡರೆ ಹಾಡು ತಗಡಿನ ಹಾಗೆ ಕೇಳುತ್ತದೆ. ಸಂಕಲನದ ನಡುವೆ ಒಂದೇ ಹಾಡು ಹೀಗೆ ಕಿರುಚುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ.

ಬಹಳ ಕಷ್ಟ ಕೊಡುವುದು ಹಾಡಿನ ಬಾಲ, ಅಂದರೆ ಅದು ಮುಗಿಯುವ ಭಾಗ. ಮೂಲ ಆಲ್ಬಂನಲ್ಲಿ ಒಂದು ಹಾಡು ನಿಲ್ಲದೆ ಮುಂದಿನ ಹಾಡಿನೊಳಗೆ ಹರಿದಿದ್ದರೆ ಸಂಕಲನಕ್ಕೆ ತಂದಾಗ ಅದರ ಕೊನೆಯಲ್ಲಿ ಮುಂದಿನ ಹಾಡಿನ ತಾಳ ಇಣುಕುತ್ತದೆ. ಸಿಂಗಲ್‌ನ ಸ್ವಂತ ಟೇಪ್ ಸಿಕ್ಕರೆ ತಾಪತ್ರಯವೇ ಇಲ್ಲ, ಅದರಲ್ಲಿ ಹಾಡು ತನ್ನಷ್ಟಕ್ಕೆ ಮುಗಿದಿರುತ್ತದೆ. ಸಿಗದಿದ್ದರೆ ಧ್ವನಿ ಇಳಿಸುವುದನ್ನು ನಾಲ್ಕು ಆವರ್ತ ಮೊದಲೇ ಶುರು ಮಾಡಬೇಕು. ಶುರು ಆಗುವುದು ಪಲ್ಲವಿಯ ಸಾಲಿನ ಆರಂಭದಲ್ಲಿರಲಿ, ನಡುವೆ ಅಲ್ಲ. ಸಾಲಿನ ನಡುವೆ ಇಳಿಯತೊಡಗಿದರೆ ಯಾರೋ ಗುಂಡಿ ತಿರುಗಿಸಿದಂತೆ ಅನ್ನಿಸುತ್ತದೆ. ನೇರ ಗೆರೆಯಲ್ಲಿ ಇಳಿಸಿದರೂ ತಪ್ಪು. ಕಿವಿಗೆ ಮೊದಲು ಏನೂ ಆಗದಂತಿದ್ದು ಕೊನೆಯಲ್ಲಿ ದಢಕ್ಕನೆ ಬಿದ್ದಂತೆ ಕೇಳುತ್ತದೆ. ಮೊದಲು ಬೇಗ ಇಳಿದು ಆಮೇಲೆ ಉದ್ದಕ್ಕೆ ತೆಳುವಾಗುತ್ತ ಹೋಗುವ ಬಾಗು ಬೇಕು. ಕೊನೆಯ ಎರಡು ಸೆಕೆಂಡನ್ನು ಹೆಡ್‌ಫೋನ್ ಹಾಕಿ ಧ್ವನಿ ಏರಿಸಿ ಕೇಳಿ. ಅಲ್ಲಿ ಒಂದೇ ಒಂದು ಹೈಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಪೆಟ್ಟು ಮುಂದಿನ ಹಾಡಿನದು ಉಳಿದಿದ್ದರೂ ಅದು ಕೇಳುಗರಿಗೆ ಪ್ರತಿ ಸಲವೂ ಮುಳ್ಳಾಗುತ್ತದೆ.

ಮಟ್ಟದ ವಿಷಯ. 1984ರ ಹಾಡಿನ ಸರಾಸರಿ ಏರು ಮೈನಸ್ 17 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಇದ್ದು 2004ರದ್ದು ಮೈನಸ್ 8 ಇದೆ ಎಂದುಕೊಳ್ಳೋಣ. ಇಂಥ ಅಂತರ ಅಪರೂಪವಲ್ಲ. 9 ಡೆಸಿಬಲ್. ಹಳೆಯದನ್ನು ಹೊಸದರ ಎತ್ತರಕ್ಕೆ ಏರಿಸಲು ಹೊರಟರೆ ಅದರ ಡ್ರಮ್ ಪೆಟ್ಟಿನ ತುದಿಗಳು ಆಗಲೇ ಮೇಲ್ಛಾವಣಿಗೆ ತಾಗಿರುವುದರಿಂದ ಗಡಿ ಮೀರದಂತೆ ತಡೆಯುವ ಲಿಮಿಟರ್ ಅವುಗಳನ್ನು ಚಪ್ಪಟೆ ಮಾಡುತ್ತದೆ, ಎದೆಗೆ ತಾಗುತ್ತಿದ್ದ ಪೆಟ್ಟು ಬರೀ ಸದ್ದಾಗುತ್ತದೆ. ಹೊಸದನ್ನೇ ಇಳಿಸಬೇಕು. ಇಳಿಸಿದರೆ ಏನೂ ನಷ್ಟವಿಲ್ಲ, ಈಗಿನ ಸ್ಟ್ರೀಮಿಂಗ್ ತಾಣಗಳು ಹೇಗೂ ಮೈನಸ್ 14ರ ಆಸುಪಾಸಿಗೆ ತಂದೇ ನುಡಿಸುತ್ತವೆ. ಆದರೆ ಮೀಟರ್ ನೋಡಿ ಎಲ್ಲವನ್ನೂ ಒಂದೇ ಅಂಕಿಗೆ ತರುವುದೂ ಬೇಡ. ಪಿಯಾನೊ ಒಂದರ ಜೊತೆಗೆ ಹಾಡಿದ ಹಾಡು ಮೈನಸ್ 14ಕ್ಕೆ ಬಂದರೆ ಗಾಯಕಿ ಕಿವಿಯ ಹತ್ತಿರ ಬಂದು ಕೂಗಿದಂತಾಗುತ್ತದೆ. ಕಂಠವನ್ನು ಕಂಠಕ್ಕೆ ಹೊಂದಿಸಬೇಕು: ಹಾಡಿನಿಂದ ಹಾಡಿಗೆ ಹೋದಾಗ ಹಾಡುವವರು ಅದೇ ದೂರದಲ್ಲಿ ನಿಂತಂತೆ ಇರಬೇಕು. ಹಾಗೆ ಮಾಡಿದಾಗ ನಿಧಾನದ ಹಾಡು ಮೀಟರಿನಲ್ಲಿ ಎರಡು ಮೂರು ಡೆಸಿಬಲ್ ಕೆಳಗೇ ಇರುತ್ತದೆ, ಇರಲಿ.

ಸಾಲು ಜೋಡಿಸುವಾಗ ಕಾಲಾನುಕ್ರಮ ಎಲ್ಲರಿಗೂ ಮೊದಲು ಹೊಳೆಯುವುದು. ಕಂಠ ಬೆಳೆದದ್ದು, ಮಾಗಿದ್ದು ಅದರಲ್ಲಿ ಕಾಣುತ್ತದೆ ನಿಜ, ಆದರೆ ಬಹಳ ಗಾಯಕರ ಕೊನೆಯ ಹಿಟ್‌ಗಳು ಮೊದಲಿನವುಗಳಷ್ಟು ಗಟ್ಟಿಯಿರುವುದಿಲ್ಲ, ಆಲ್ಬಂ ಹೋಗುತ್ತ ಹೋಗುತ್ತ ಬಸವಳಿಯುತ್ತದೆ. ಆಬಾ 'ಗೋಲ್ಡ್' ಕಾಲವನ್ನು ಪಕ್ಕಕ್ಕಿಟ್ಟು, ಲೋಕಕ್ಕೆ ತಂಡವನ್ನು ಪರಿಚಯಿಸಿದ 1974ರ 'ವಾಟರ್‌ಲೂ' ಹಾಡನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಿತು. ಮುಗಿಯುವಾಗ ಆಲ್ಬಂ ಶುರುವಾದಂತೆ ಇರುತ್ತದೆ. 2021ರಲ್ಲಿ ಆ ಆಲ್ಬಂ ಬ್ರಿಟನ್ ಪಟ್ಟಿಯಲ್ಲಿ 1,000 ವಾರ ಮುಟ್ಟಿದ್ದಕ್ಕೆ ಹಾಡುಗಳೇ ಕಾರಣ, ಆದರೆ ಸಾಲಿನ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ಎಲ್‌ಪಿಗೆ ಸಾಲು ಜೋಡಿಸುವಾಗ ಇನ್ನೊಂದು ಲೆಕ್ಕ. ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಓಡಿದರೆ ಒಳ ಅಂಚಿನಲ್ಲಿ 21 ಅಷ್ಟೇ. ಅಷ್ಟು ಇಕ್ಕಟ್ಟಿನಲ್ಲಿ 'ಸ', 'ಶ'ಗಳು ಸೀಳುತ್ತವೆ. ಪ್ರತಿ ಮುಖದ ಕೊನೆಗೆ ಸಿಂಬಲ್ ಕಡಿಮೆಯಿರುವ ಮೆದು ಹಾಡು ಇಟ್ಟರೆ ಕ್ಷೇಮ.

ಹಾಡುಗಳ ನಡುವಿನ ಮೌನವನ್ನು ಎಲ್ಲ ಕಡೆ ಎರಡು ಸೆಕೆಂಡು ಎಂದು ಇಟ್ಟುಬಿಡುವುದು ಸೋಮಾರಿತನ. ಧ್ವನಿ ಇಳಿದು ಮುಗಿಯುವ ಹಾಡಿನ ಕೊನೆಯಲ್ಲೇ ಮೌನ ಇದೆ, ಅದರ ಮೇಲೆ ಅರ್ಧ ಸೆಕೆಂಡು ಸಾಕು. ಪೆಟ್ಟು ಹೊಡೆದು ನಿಲ್ಲುವ ಹಾಡಾದರೆ ಮುಗಿದ ಹಾಡಿನ ಲಯವನ್ನೇ ಮನಸ್ಸಿನಲ್ಲಿ ಎಣಿಸುತ್ತ ಹೋಗಿ, ಆವರ್ತದ ಮೊದಲ ಪೆಟ್ಟಿಗೆ ಮುಂದಿನ ಹಾಡು ಬೀಳುವಂತೆ ಇಡಬೇಕು. ನಿಮಿಷಕ್ಕೆ 120 ಪೆಟ್ಟಿನ ಹಾಡಿಗೆ ನಾಲ್ಕು ಪೆಟ್ಟಿನ ಒಂದು ಆವರ್ತ ಎರಡು ಸೆಕೆಂಡು, 80 ಪೆಟ್ಟಿನದಕ್ಕೆ ಮೂರು. ಶ್ರುತಿಯೂ ನೋಡಿಕೊಳ್ಳಬೇಕು. ಮುಂದಿನ ಹಾಡಿನ ಷಡ್ಜ ಹಿಂದಿನದಕ್ಕಿಂತ ಅರ್ಧಸ್ವರ ಮಾತ್ರ ಮೇಲಿದ್ದರೆ ಅದರ ಮೊದಲ ಸಾಲು ಅಪಸ್ವರದಂತೆ ತಾಗುತ್ತದೆ. ಮಧ್ಯಮಕ್ಕೋ ಪಂಚಮಕ್ಕೋ ಹೋದರೆ ಬಾಗಿಲು ತೆರೆದಂತೆ ಇರುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ನಡುವೆ ಮೌನ ಹೆಚ್ಚಿಸಿ. ಕಿವಿ ಹಳೆಯ ಷಡ್ಜ ಮರೆಯಲು ನಾಲ್ಕು ಸೆಕೆಂಡು ಕೊಡಿ.

ಹಕ್ಕುಗಳ ಮಾತು ಚಿಕ್ಕದಾಗಿ. ಹಾಡಿನ ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಹಿಟ್ ಆದ ಯುಗಳಗೀತೆಯೊಂದು ಸಂಕಲನದಲ್ಲಿ ಕಾಣದಿದ್ದರೆ ಹೆಚ್ಚಾಗಿ ಇನ್ನೊಬ್ಬ ಗಾಯಕರ ಕಂಪನಿ ಆಲ್ಬಮ್ಮಿಗೆ ಮಾತ್ರ ಒಪ್ಪಿ ಸಂಕಲನಕ್ಕೆ ಒಪ್ಪಿಗೆ ಕೊಟ್ಟಿರುವುದಿಲ್ಲ. ಗಾಯಕಿ ನಡುವೆ ಕಂಪನಿ ಬದಲಿಸಿದ್ದರೆ ಹಳೆಯ ಹಾಡುಗಳ ಜಾಗಕ್ಕೆ ಮರುಮುದ್ರಣ ಬರುವುದೂ ಉಂಟು. ಟೇಲರ್ ಸ್ವಿಫ್ಟ್ 2021ರಿಂದ 2023ರೊಳಗೆ ತಮ್ಮ ನಾಲ್ಕು ಆಲ್ಬಂಗಳನ್ನು ಹೊಸದಾಗಿ ಹಾಡಿ, ಹೆಸರಿನಲ್ಲೇ ಅದನ್ನು ತೆರೆದು ಹೇಳಿದರು. ಹಾಗೆ ಹೇಳಿದರೆ ಕೇಳುಗರಿಗೆ ದೂರಿಲ್ಲ. ಹಿಂಬದಿಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ 'ಹೊಸ ಧ್ವನಿಮುದ್ರಣ' ಎಂದು ಅಡಗಿಸುವುದು ಮೋಸವೇ. ಜೊತೆಗೆ ಸೇರಿಸುವ ಹೊಸ ಹಾಡುಗಳು ಎರಡಕ್ಕೆ ಮೀರದಿರಲಿ, ಕೊನೆಯಲ್ಲಿರಲಿ.

ಸ್ಟ್ರೀಮಿಂಗ್‌ಗೆ ಕಳಿಸುವಾಗ ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರದ ಐಎಸ್‌ಆರ್‌ಸಿ ಸಂಕೇತ ಬೇಕು. ಹಳೆಯ ಮುದ್ರಣವನ್ನೇ ಹಾಗೆಯೇ ಬಳಸಿದ್ದರೆ ಹಳೆಯ ಸಂಕೇತವನ್ನೇ ಕೊಡಬೇಕು, ಕತ್ತರಿಸಿದ ರೂಪಕ್ಕೋ ಹೊಸ ಮಿಕ್ಸ್‌ಗೋ ಹೊಸದು. ಇಲ್ಲಿ ತಪ್ಪಿದರೆ ಕೇಳಿಕೆಯ ಎಣಿಕೆ ಒಡೆದು ಎರಡಾಗುತ್ತದೆ, ಇಲ್ಲವೇ ಎರಡು ಬೇರೆ ರೂಪಗಳು ಒಂದೇ ಎಂದು ಸೇರಿಹೋಗಿ, ಮೂಲ ಆಲ್ಬಂ ಹಾಕಿಕೊಂಡವರಿಗೆ ಸಂಕಲನದ ತುಂಡು ರೂಪ ಕೇಳಿಸುತ್ತದೆ. ಫೈಲುಗಳನ್ನು ಕಳಿಸುವ ಮುನ್ನ ಮೊದಲಿನಿಂದ ಕೊನೆಯವರೆಗೆ ಒಮ್ಮೆ, ಎದ್ದು ಹೋಗದೆ, ಮೆದು ಧ್ವನಿಯಲ್ಲಿ ಕೇಳಬೇಕು. ಮೆದುವಾಗಿ ಕೇಳಿದಾಗಲೇ ಯಾವ ಹಾಡಿನಲ್ಲಿ ಕಂಠ ಹಿಂದೆ ಸರಿದಿದೆ ಎಂದು ಗೊತ್ತಾಗುವುದು. ಕೊನೆಯ ಹಾಡಿನ ಕೊನೆಯ ಸ್ವರ ಪೂರ್ತಿ ಆರಿದ ಮೇಲೂ ಫೈಲಿನಲ್ಲಿ ಒಂದೆರಡು ಸೆಕೆಂಡು ಉಳಿದಿರಬೇಕು, ಇಲ್ಲವಾದರೆ ಪಿಯಾನೊದ ತಂತಿ ಇನ್ನೂ ನಡುಗುತ್ತಿರುವಾಗಲೇ ಮುಂದಿನ ಯಾವುದೋ ಹಾಡು ಬಂದು ಬೀಳುತ್ತದೆ.